ಲಿನಕ್ಸ್ ಲ್ಯಾಪ್‌ಟಾಪಿನ ನಿದ್ದೆ ಮತ್ತು ಎಚ್ಚರ

ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಯಂತ್ರ ಪೂರ್ತಿ ಆರದೆ, ತೆರೆದಿಟ್ಟ ಕೆಲಸವನ್ನೆಲ್ಲ ನೆನಪಿನಲ್ಲಿಟ್ಟುಕೊಂಡು, ತೀರಾ ಕಡಿಮೆ ವಿದ್ಯುತ್ತಿನಲ್ಲಿ ತಂಗುವ ಸ್ಥಿತಿಗೆ ಸಸ್ಪೆಂಡ್ ಎಂದು ಹೆಸರು. ಮುಚ್ಚಳ ತೆರೆದೊಡನೆ ಬಿಟ್ಟ ಸಾಲಿನಿಂದಲೇ ಕೆಲಸ ಮುಂದುವರಿಯುವುದು ರೆಸ್ಯೂಮ್. ಕಚೇರಿಯ ಕನ್ನಡದಲ್ಲಿ ಸಸ್ಪೆಂಡ್ ಎಂದರೆ ಅಮಾನತು. ಆ ಅರ್ಥ ಇಲ್ಲಿ ಹೊಂದುವುದಿಲ್ಲ. ನಿದ್ದೆ, ಎಚ್ಚರ ಎಂಬ ನಮ್ಮ ಮಾತುಗಳೇ ಈ ಕ್ರಿಯೆಗೆ ಹತ್ತಿರ. ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಗಳಲ್ಲಿ, ಮುಖ್ಯವಾಗಿ ಲಿನಕ್ಸ್‌ನಲ್ಲಿ, ಈ ನಿದ್ದೆ ಏಕೆ ಕೆಡುತ್ತದೆ, ಕೆಟ್ಟಾಗ ಕಾರಣ ಹುಡುಕುವುದು ಹೇಗೆ ಎಂಬುದು ಈ ಲೇಖನದ ವಿಷಯ. ಉಬುಂಟು, ಡೆಬಿಯನ್, ಫೆಡೋರಾ, ಆರ್ಚ್ ಯಾವುದೇ ಇರಲಿ, ಒಳಗಿರುವುದು ಲಿನಕ್ಸ್ ಕರ್ನೆಲ್ಲೇ ಆದ್ದರಿಂದ ಇಲ್ಲಿನ ಮಾತು ಬಹುಪಾಲು ಎಲ್ಲಕ್ಕೂ ಸಲ್ಲುತ್ತದೆ. ಆದೇಶಗಳ ಮತ್ತು ಕಡತಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಟೈಪಿಸುವಾಗ ರೋಮನ್ ಅಕ್ಷರಗಳನ್ನೇ ಬಳಸಬೇಕು.

ನಿದ್ದೆ ಎಂಬುದು ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಡೆಸ್ಕ್‌ಟಾಪ್, ಕರ್ನೆಲ್, ಹತ್ತಾರು ಡ್ರೈವರ್‌ಗಳು, ಕೊನೆಗೆ ಮದರ್‌ಬೋರ್ಡಿನ ಫರ್ಮ್‌ವೇರ್ ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಯಂತ್ರವನ್ನು ಒಪ್ಪಿಸುತ್ತ ಹೋಗುವ ಸರಪಳಿ ಅದು. ಕೊಂಡಿ ಯಾವುದು ಕಳಚಿತು ಎಂದು ತಿಳಿಯದೆ ಅಲ್ಲಿ ಇಲ್ಲಿ ಓದಿದ ಕರ್ನೆಲ್ ಪ್ಯಾರಾಮೀಟರ್‌ಗಳನ್ನು ಸಾಲಾಗಿ ಸೇರಿಸುವುದು ನಾಡಿ ನೋಡದೆ ಮದ್ದು ಕೊಟ್ಟಂತೆ. ಆದ್ದರಿಂದ ಮೊದಲು ಆ ಸರಪಳಿಯನ್ನೇ ತಿಳಿದುಕೊಳ್ಳಬೇಕು.

ನಿದ್ದೆಯ ಬಗೆಗಳು

ಎಸಿಪಿಐ ಎಂಬ ಮಾನದಂಡ ಯಂತ್ರದ ಸ್ಥಿತಿಗಳನ್ನು ಎಸ್0ಯಿಂದ ಎಸ್5ರವರೆಗೆ ಎಣಿಸುತ್ತದೆ. ಎಸ್0 ಪೂರ್ಣ ಎಚ್ಚರ, ಎಸ್5 ಆಫ್. ಎಸ್1, ಎಸ್2 ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಕಾಣಸಿಗುವುದು ಅಪರೂಪ. ಎಸ್3ರಲ್ಲಿ ಪ್ರೊಸೆಸರ್, ಡಿಸ್ಕ್, ಪರದೆ ಎಲ್ಲವೂ ನಿಂತು, ರ‍್ಯಾಮ್‌ಗೂ ಎಬ್ಬಿಸುವ ಮಂಡಲಗಳಿಗೂ ಮಾತ್ರ ವಿದ್ಯುತ್ ಹರಿಯುತ್ತದೆ. ರ‍್ಯಾಮ್ ತನ್ನಲ್ಲಿರುವುದನ್ನು ತಾನೇ ಮತ್ತೆಮತ್ತೆ ಹೊಸದು ಮಾಡಿಕೊಳ್ಳುತ್ತ ಕಾಯುತ್ತದೆ. ಲಿನಕ್ಸ್ ಇದನ್ನು 'ಡೀಪ್' ಎನ್ನುತ್ತದೆ. ಎಸ್4ರಲ್ಲಿ ರ‍್ಯಾಮಿನ ಸರಕನ್ನೆಲ್ಲ ಡಿಸ್ಕಿಗೆ ಬರೆದು ಯಂತ್ರ ಆರಿಹೋಗುತ್ತದೆ, ಇದೇ ಹೈಬರ್ನೇಟ್.

ಇವುಗಳ ಜೊತೆಗೆ ಈಚಿನದೊಂದು ಇದೆ: 'ಎಸ್2ಐಡಲ್'. ಇಲ್ಲಿ ಯಂತ್ರ ಲೆಕ್ಕಕ್ಕೆ ಎಸ್0ಯಲ್ಲೇ ಇರುತ್ತದೆ, ಅಂದರೆ ಎಚ್ಚರವಾಗಿಯೇ ಇದೆ. ಆದರೆ ಪ್ರೋಗ್ರಾಮ್‌ಗಳನ್ನೆಲ್ಲ ನಿಲ್ಲಿಸಿ, ಉಪಕರಣಗಳನ್ನು ಒಂದೊಂದಾಗಿ ಮಲಗಿಸಿ, ಪ್ರೊಸೆಸರ್ ತನ್ನ ಅತಿ ಆಳದ ವಿರಾಮಕ್ಕೆ ಇಳಿಯಲೆಂದು ಕರ್ನೆಲ್ ಕಾಯುತ್ತದೆ. ಎಸ್3 ಗಾಢನಿದ್ದೆಯಾದರೆ ಇದು ಕೋಳಿನಿದ್ದೆ. ಎಲ್ಲ ಉಪಕರಣಗಳೂ ನಿಜವಾಗಿ ಮಲಗಿದರೆ ಇದರಲ್ಲೂ ವಿದ್ಯುತ್ ಖರ್ಚು ಎಸ್3ರ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಒಂದು ಉಪಕರಣ ಹಟ ಮಾಡಿದರೂ ಇಳಿಯುವುದಿಲ್ಲ. ಇಂದಿನ ದೂರುಗಳಲ್ಲಿ ಬಹಳಷ್ಟಕ್ಕೆ ಬೇರು ಇಲ್ಲಿದೆ.

ನಿಮ್ಮ ಯಂತ್ರಕ್ಕೆ ಯಾವ ನಿದ್ದೆ ಗೊತ್ತು ಎಂದು '/ಸಿಸ್/ಪವರ್/ಮೆಮ್_ಸ್ಲೀಪ್' ಕಡತವನ್ನು 'ಕ್ಯಾಟ್' ಆದೇಶದಿಂದ ಓದಿದರೆ ತಿಳಿಯುತ್ತದೆ. 'ಎಸ್2ಐಡಲ್', 'ಡೀಪ್' ಎರಡೂ ಕಂಡರೆ ಎರಡೂ ಉಂಟು. ಚೌಕ ಆವರಣದೊಳಗೆ ಇರುವುದು ಸದ್ಯ ಬಳಕೆಯಲ್ಲಿರುವುದು. 'ಎಸ್2ಐಡಲ್' ಒಂದೇ ಕಂಡರೆ ಫರ್ಮ್‌ವೇರ್ ಎಸ್3ನ್ನು ಒದಗಿಸಿಲ್ಲ ಎಂದು ಅರ್ಥ. ಈ ಒಂದು ಸಾಲು ಓದದೆ ಮುಂದಿನ ಯಾವ ಚಿಕಿತ್ಸೆಗೂ ಕೈಹಾಕಬಾರದು.

ಮುಚ್ಚಳ ಮುಚ್ಚಿದ ಮೇಲೆ ನಡೆಯುವುದೇನು

ಸಾಮಾನ್ಯವಾಗಿ ಮುಚ್ಚಳದಲ್ಲೊಂದು ಪುಟ್ಟ ಆಯಸ್ಕಾಂತ, ಅದು ಹತ್ತಿರ ಬಂದುದನ್ನು ಗುರುತಿಸಲು ಕೀಬೋರ್ಡಿನ ಕಡೆ ಒಂದು ಸೆನ್ಸರ್ ಇರುತ್ತದೆ. ಸುದ್ದಿ ಎಸಿಪಿಐ ಮೂಲಕ ಕರ್ನೆಲ್ ತಲುಪಿ, ಅಲ್ಲಿಂದ, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ 'ಲಾಗಿನ್‌ಡಿ' ಎಂಬ ಸೇವೆಗೆ ಹೋಗುತ್ತದೆ. ಮಲಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಲಾಗಿನ್‌ಡಿ. ಮಲಗಬೇಕೆಂದಾದರೆ '/ಸಿಸ್/ಪವರ್/ಸ್ಟೇಟ್' ಕಡತಕ್ಕೆ 'ಮೆಮ್' ಎಂಬ ಪದ ಬರೆಯಲಾಗುತ್ತದೆ. ಆ ಮೂರಕ್ಷರವೇ ಕರ್ನೆಲ್‌ಗೆ ಆಜ್ಞೆ.

ಕರ್ನೆಲ್ ಮೊದಲು ಡಿಸ್ಕಿಗೆ ಹೋಗಬೇಕಾದ ಬರಹವನ್ನೆಲ್ಲ ಬರೆದು ಮುಗಿಸುತ್ತದೆ. ಆಮೇಲೆ ಬಳಕೆದಾರರ ಪ್ರೋಗ್ರಾಮ್‌ಗಳನ್ನು ಇದ್ದಲ್ಲೇ ಹೆಪ್ಪುಗಟ್ಟಿಸುತ್ತದೆ. ಇದಕ್ಕೆ ಕೊಟ್ಟಿರುವ ಗಡುವು 20 ಸೆಕೆಂಡು. ಅಷ್ಟರಲ್ಲಿ ಯಾವುದಾದರೂ ಪ್ರೋಗ್ರಾಮ್ ನಿಲ್ಲದಿದ್ದರೆ ಇಡೀ ಪ್ರಯತ್ನವನ್ನು ಕೈಬಿಟ್ಟು ಯಂತ್ರ ಎಚ್ಚರವಾಗಿಯೇ ಉಳಿಯುತ್ತದೆ. ನಂತರ ಡ್ರೈವರ್‌ಗಳ ಸರದಿ. ಸಿದ್ಧತೆ, ಮಲಗಿಸುವುದು, ಕೊನೆಯ ಹಂತ, ಇಂಟರಪ್ಟ್‌ಗಳನ್ನು ಮುಚ್ಚಿದ ಮೇಲಿನ ಹಂತ ಎಂದು ನಾಲ್ಕು ಸುತ್ತು ಪ್ರತಿಯೊಂದು ಉಪಕರಣವನ್ನೂ ಕೇಳಿಕೊಂಡು ಬರಲಾಗುತ್ತದೆ. ಯಾರಾದರೂ ಒಬ್ಬರು ಆಗದು ಎಂದರೆ ಅಲ್ಲಿಗೆ ನಿಂತಿತು. ಎಲ್ಲರೂ ಒಪ್ಪಿದರೆ, ಎಸ್3ರ ದಾರಿಯಲ್ಲಿ ಒಂದು ಪ್ರೊಸೆಸರ್ ಕೋರ್ ಬಿಟ್ಟು ಉಳಿದವೆಲ್ಲ ಆಫ್ ಆಗಿ, ಕೊನೆಯದು ಫರ್ಮ್‌ವೇರ್‌ನ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಎಸ್2ಐಡಲ್‌ನಲ್ಲಿ ಈ ಕೊನೆಯ ಒಪ್ಪಿಸುವಿಕೆ ಇಲ್ಲ. ಕೋರ್‌ಗಳು ಅಲ್ಲೇ ಕಣ್ಣು ಮುಚ್ಚುತ್ತವೆ.

ಏಳುವಾಗ ಇದೇ ದಾರಿ ಹಿಂದುಮುಂದಾಗಿ. ಎಸ್3ರಿಂದ ಎದ್ದಾಗ ಮೊದಲು ಓಡುವುದು ಕರ್ನೆಲ್ ಅಲ್ಲ, ಫರ್ಮ್‌ವೇರ್. ಮಲಗುವ ಮುನ್ನ ಕರ್ನೆಲ್ ಒಂದು ವಿಳಾಸ ಬರೆದಿಟ್ಟಿರುತ್ತದೆ. ಫರ್ಮ್‌ವೇರ್ ತನ್ನ ಕೆಲಸ ಮುಗಿಸಿ ಆ ವಿಳಾಸಕ್ಕೆ ಜಿಗಿಯಬೇಕು. ಆ ಜಿಗಿತದ ಆಸುಪಾಸಿನಲ್ಲಿ ಎಡವಟ್ಟಾದರೆ ಪರದೆಯೂ ಇಲ್ಲ, ಡಿಸ್ಕೂ ಇಲ್ಲ. ಏನಾಯಿತೆಂದು ಬರೆದಿಡಲು ಜಾಗವೇ ಇಲ್ಲ. ಮಲಗುವಾಗಿನ ತೊಂದರೆಗಿಂತ ಏಳುವಾಗಿನ ತೊಂದರೆ ಹುಡುಕುವುದು ಕಷ್ಟವಾಗಿರುವುದು ಇದಕ್ಕೇ.

ಇಲ್ಲಿಯವರೆಗೆ ಬಂದ ದಾರಿ

ಇಂಟೆಲ್ ಮತ್ತು ಮೈಕ್ರೋಸಾಫ್ಟ್ 1992ರಲ್ಲಿ ಎಪಿಎಂ ಎಂಬ ಏರ್ಪಾಡು ತಂದವು. ಅದರಲ್ಲಿ ಯಜಮಾನಿಕೆ ಬಯೋಸ್‌ನದು. 1996ರ ಡಿಸೆಂಬರಿನಲ್ಲಿ ಆ ಎರಡು ಸಂಸ್ಥೆಗಳು ತೋಶಿಬಾ ಜೊತೆ ಸೇರಿ ಎಸಿಪಿಐ ಪ್ರಕಟಿಸಿದಾಗ ಯಜಮಾನಿಕೆ ಕಾರ್ಯಾಚರಣ ವ್ಯವಸ್ಥೆಗೆ ಬಂತು. ತಯಾರಕರು ತಮ್ಮ ಯಂತ್ರದ ಗುಟ್ಟುಗಳನ್ನು ಎಎಂಎಲ್ ಎಂಬ ಸಂಕೇತದಲ್ಲಿ ಕೋಷ್ಟಕಗಳಾಗಿ ಫರ್ಮ್‌ವೇರ್‌ನಲ್ಲಿ ಬರೆದಿಡುತ್ತಾರೆ, ಕರ್ನೆಲ್ ಅದನ್ನು ಓದಿ ನಡೆಸುತ್ತದೆ. ಅಂದರೆ ಯಾರೋ ಎಂದೋ ಬರೆದ ಪ್ರೋಗ್ರಾಮ್ ಒಂದು ನಿಮ್ಮ ಕರ್ನೆಲ್ ಒಳಗೆ ಓಡುತ್ತಿರುತ್ತದೆ. ಬರೆದವರು ಪರೀಕ್ಷಿಸಿದ್ದು ಬಹುಮಟ್ಟಿಗೆ ವಿಂಡೋಸ್ ಮೇಲೆ ಮಾತ್ರ.

ಎಸಿಪಿಐ ವಿಸ್ತರಣೆಗಳು ಲಿನಕ್ಸ್‌ಗೂ ಪುಕ್ಕಟೆ ಅನುಕೂಲವಾಗದಂತೆ ಅವನ್ನು ಹೇಗಾದರೂ ವಿಂಡೋಸ್‌ಗೇ ಸೀಮಿತಗೊಳಿಸಲಾಗದೆ ಎಂದು ಬಿಲ್ ಗೇಟ್ಸ್ 1999ರ ಜನವರಿಯಲ್ಲಿ ತಮ್ಮವರನ್ನು ಕೇಳಿದ ಇಮೇಲ್ ಮುಂದೆ ಅಮೆರಿಕದ ಐಯೋವಾ ರಾಜ್ಯದ ಮೊಕದ್ದಮೆಯೊಂದರಲ್ಲಿ ದಾಖಲೆಯಾಗಿ ಹೊರಬಂತು. ಆ ಪತ್ರದಿಂದಲೇ ಇಂದಿನ ತೊಂದರೆಗಳೆಲ್ಲ ಹುಟ್ಟಿದವು ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಫರ್ಮ್‌ವೇರ್ ಯಾರನ್ನು ಕಣ್ಣ ಮುಂದಿಟ್ಟುಕೊಂಡು ಬರೆಯಲ್ಪಡುತ್ತದೆ ಎಂಬುದು ನಿಜವಾದ ಸಂಗತಿ. ಅದಕ್ಕೊಂದು ಗುರುತು ಇಂದಿಗೂ ಉಳಿದಿದೆ: ನೀನು ಯಾವ ವ್ಯವಸ್ಥೆ ಎಂದು ಫರ್ಮ್‌ವೇರ್ ಕೇಳಿದಾಗ ಲಿನಕ್ಸ್ ಕರ್ನೆಲ್ ತನ್ನ ಹೆಸರಿಗೆ ಇಲ್ಲ ಎನ್ನುತ್ತದೆ, ವಿಂಡೋಸ್‌ನ ಆವೃತ್ತಿಗಳಿಗೆ ಹೌದು ಎನ್ನುತ್ತದೆ. ತಯಾರಕರು ಪರೀಕ್ಷಿಸಿದ ಹಾದಿಯಲ್ಲೇ ನಡೆಯುವುದು ಕ್ಷೇಮ ಎಂದು ಅನುಭವದಿಂದ ಕಲಿತ ಪಾಠ ಅದು. ಈ ಉತ್ತರವನ್ನು ಬದಲಿಸುವ 'ಎಸಿಪಿಐ_ಓಎಸ್‌ಐ' ಪ್ಯಾರಾಮೀಟರ್ ಕೆಲವು ಯಂತ್ರಗಳನ್ನು ಸರಿಪಡಿಸುತ್ತದೆ, ಕೆಲವನ್ನು ಇನ್ನಷ್ಟು ಕೆಡಿಸುತ್ತದೆ.

ಲಿನಕ್ಸ್‌ನಲ್ಲಿ ಡಿಸ್ಕಿಗೆ ಮಲಗುವ ಸೌಲಭ್ಯ 2002ರಲ್ಲಿ 2.5 ಸರಣಿಯ ಕರ್ನೆಲ್‌ಗೆ ಸೇರಿತು. ಗಾಬೋರ್ ಕುಟಿ ಆರಂಭಿಸಿದ ಕೆಲಸವನ್ನು ಜೆಕ್ ಪ್ರೋಗ್ರಾಮರ್ ಪಾವೆಲ್ ಮಾಖೆಕ್ ಮುಂದುವರಿಸಿದರು. ಮುಂದೆ ಪೋಲೆಂಡಿನ ರಫಾಯೆಲ್ ವಿಸೋತ್ಸ್ಕಿ ಈ ವಿಭಾಗವನ್ನೆಲ್ಲ ಕೈಗೆತ್ತಿಕೊಂಡು ಹಲವು ವರ್ಷ ಸಾಕಿದರು. ಆ ದಿನಗಳ ದೊಡ್ಡ ಗೋಳು ಕಪ್ಪು ಪರದೆ. ನಿದ್ದೆಯಿಂದೆದ್ದ ಗ್ರಾಫಿಕ್ಸ್ ಕಾರ್ಡಿಗೆ ತಾನು ಯಾರೆಂಬುದೇ ಮರೆತಿರುತ್ತಿತ್ತು, ನೆನಪಿಸುವವರು ಯಾರೂ ಇರಲಿಲ್ಲ. ಮ್ಯಾಥ್ಯೂ ಗ್ಯಾರೆಟ್ ಬರೆದ 'ವಿಬಿಇಟೂಲ್'ನಂಥ ಸಾಧನಗಳಿಂದ ವಿಡಿಯೊ ಬಯೋಸನ್ನು ಬಲವಂತವಾಗಿ ಮತ್ತೆ ಓಡಿಸಲಾಗುತ್ತಿತ್ತು; ಯಾವ ಮಾಡೆಲ್‌ಗೆ ಯಾವ ತಂತ್ರ ಎಂಬ ಉದ್ದನೆಯ ಪಟ್ಟಿಗಳನ್ನು ಸ್ವಯಂಸೇವಕರು ಕಾಪಾಡುತ್ತಿದ್ದರು. 2009ರ ಮಾರ್ಚ್‌ನಲ್ಲಿ ಬಂದ 2.6.29 ಕರ್ನೆಲ್ ಇಂಟೆಲ್ ಗ್ರಾಫಿಕ್ಸ್‌ನ ಪರದೆ ಜೋಡಣೆಯನ್ನು ತಾನೇ ವಹಿಸಿಕೊಂಡಿತು. ಮುಂದಿನ ಒಂದು ವರ್ಷದೊಳಗೆ ರೇಡಿಯಾನ್, ನೂವೋ ಡ್ರೈವರ್‌ಗಳೂ ಅದೇ ಹಾದಿ ಹಿಡಿದವು. ಹಳೆಯ ಪಟ್ಟಿಗಳು ಬೇಡವಾದವು. ಲಿನಕ್ಸ್ ನಿದ್ದೆಯ ಚರಿತ್ರೆಯಲ್ಲಿ ಇಷ್ಟು ಜನರಿಗೆ ಒಮ್ಮೆಲೇ ಉಪಕಾರವಾದ ಬದಲಾವಣೆ ಬೇರೊಂದಿಲ್ಲ ಎಂದು ನನ್ನ ಎಣಿಕೆ.

ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. 2012ರ ವಿಂಡೋಸ್ 8 ಫೋನಿನಂತೆ ಅರೆ ಎಚ್ಚರದಲ್ಲಿ ತಂಗುವ ಪದ್ಧತಿಯನ್ನು ತಂದಿತು. ವಿಂಡೋಸ್ 10ರಲ್ಲಿ ಅದು ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. ಲಿನಕ್ಸ್ 2013ರ 3.9 ಕರ್ನೆಲ್‌ನಲ್ಲಿ ತನ್ನ ಕೋಳಿನಿದ್ದೆಯನ್ನು ಕಲಿಯಿತು. ಗಾಢನಿದ್ದೆ, ಕೋಳಿನಿದ್ದೆ ಎರಡರಲ್ಲಿ ಯಾವುದು ಬೇಕೆಂದು ಆರಿಸುವ 'ಮೆಮ್_ಸ್ಲೀಪ್' ಕಡತ ಬಂದದ್ದು 2017ರ 4.10ರಲ್ಲಿ. ಇತ್ತ ತಯಾರಕರು ಎಸ್3ನ್ನೇ ಕೈಬಿಡತೊಡಗಿದರು. 2018ರ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಆರನೆಯ ಪೀಳಿಗೆ ಇದಕ್ಕೆ ಎಲ್ಲರೂ ನೆನೆಯುವ ಉದಾಹರಣೆ. ಲಿನಕ್ಸ್ ಬಳಸುವವರು ಬಹಳ ಮೆಚ್ಚುವ ಸರಣಿ ಅದು, ಆದರೆ ಆ ಮಾಡೆಲ್ ಮಾರುಕಟ್ಟೆಗೆ ಬಂದಾಗ ಎಸ್3 ಇರಲಿಲ್ಲ. ಬಳಕೆದಾರರು ಎಸಿಪಿಐ ಕೋಷ್ಟಕವನ್ನು ಹೊರತೆಗೆದು, ಓದುವಂತೆ ಬಿಡಿಸಿ, ಕಾಣೆಯಾದ ಎಸ್3 ನಮೂದನ್ನು ತಾವೇ ತಿದ್ದಿ, ಬೂಟ್ ಆಗುವಾಗ ಕರ್ನೆಲ್‌ಗೆ ಹೊಸ ಕೋಷ್ಟಕ ಕೊಟ್ಟು ಗಾಢನಿದ್ದೆ ತರಿಸಿಕೊಂಡರು. ಅದೇ ವರ್ಷ ಲೆನೊವೊ ಬಯೋಸ್ ಅಪ್‌ಡೇಟ್ ಕೊಟ್ಟು, ಪವರ್ ಮೆನುವಿನಲ್ಲಿ ನಿದ್ದೆಯ ಬಗೆಗೆ 'ವಿಂಡೋಸ್ 10', 'ಲಿನಕ್ಸ್' ಎಂದು ಎರಡು ಆಯ್ಕೆ ಸೇರಿಸಿತು. ಬಳಕೆದಾರರು ಕಾರಣವನ್ನು ಖಚಿತವಾಗಿ ತೋರಿಸಿಕೊಟ್ಟರೆ ತಯಾರಕರೂ ಕಿವಿಗೊಡುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. 2020ರಿಂದೀಚೆಗಿನ ಹಲವು ಯಂತ್ರಗಳಲ್ಲಿ ಆ ಆಯ್ಕೆಯೂ ಇಲ್ಲ. ಎಸ್2ಐಡಲ್ ಒಂದೇ ಗತಿ, ಅದನ್ನೇ ಸರಿಯಾಗಿ ನಡೆಸಿಕೊಳ್ಳಬೇಕು.

ಕಾರಣ ಹುಡುಕುವ ಬಗೆ

ಮೊದಲ ಪ್ರಶ್ನೆ: ಯಂತ್ರ ಮಲಗಲೇ ಇಲ್ಲವೋ, ಮಲಗಿ ಏಳಲಿಲ್ಲವೋ? ಹೊರಗಿನಿಂದ ಎರಡೂ ಒಂದೇ ತರಹ ಕಾಣಬಹುದು. ಬ್ಯಾಗಿನಿಂದ ತೆಗೆದಾಗ ಲ್ಯಾಪ್‌ಟಾಪ್ ಹಂಚಿನಂತೆ ಕಾದಿದ್ದರೆ ಅದು ಮಲಗಿಲ್ಲ, ಅಥವಾ ನಡುವೆ ಎದ್ದು ಕೂತಿದೆ. ತಣ್ಣಗಿದ್ದು ಗುಂಡಿ ಒತ್ತಿದರೆ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿದ್ದರೆ ಅದು ಏಳುವಾಗ ಎಡವಿದೆ.

ಉತ್ತರ ಕರ್ನೆಲ್‌ನ ದಿನಚರಿಯಲ್ಲಿ ಸಿಗುತ್ತದೆ. 'ಜರ್ನಲ್‌ಸಿಟಿಎಲ್ -ಕೆ' ಎಂದರೆ ಈಗಿನ ಬೂಟ್‌ನ ಕರ್ನೆಲ್ ಸಾಲುಗಳು. ಗುಂಡಿ ಒತ್ತಿಹಿಡಿದು ಆಫ್ ಮಾಡಬೇಕಾಗಿ ಬಂದಿದ್ದರೆ 'ಜರ್ನಲ್‌ಸಿಟಿಎಲ್ -ಕೆ -ಬಿ -1' ಎಂದು ಹಿಂದಿನ ಬೂಟ್‌ನ ಸಾಲುಗಳನ್ನು ನೋಡಬೇಕು. ಅಲ್ಲಿ 'ಪಿಎಂ: ಸಸ್ಪೆಂಡ್ ಎಂಟ್ರಿ' ಎಂಬ ಸಾಲಿದೆಯೇ? ಅದರ ಮುಂದೆ ಆವರಣದಲ್ಲಿ 'ಡೀಪ್' ಇದೆಯೋ 'ಎಸ್2ಐಡಲ್' ಇದೆಯೋ? ಅದಕ್ಕೆ ಜೋಡಿಯಾಗಿ 'ಪಿಎಂ: ಸಸ್ಪೆಂಡ್ ಎಕ್ಸಿಟ್' ಕಾಣುತ್ತದೆಯೇ? ಎಂಟ್ರಿ ಸಾಲೇ ಇಲ್ಲದಿದ್ದರೆ ಆಜ್ಞೆ ಕರ್ನೆಲ್ ತನಕ ಬಂದಿಲ್ಲ, ತಪ್ಪು ಮೇಲಿನ ಹಂತದಲ್ಲಿದೆ. ಎಂಟ್ರಿ, ಎಕ್ಸಿಟ್ ಎರಡೂ ಒಂದೆರಡು ಸೆಕೆಂಡಿನ ಅಂತರದಲ್ಲಿದ್ದರೆ ಯಾರೋ ತಡೆದಿದ್ದಾರೆ. ತಡೆದವರ ಹೆಸರು ನಡುವಿನ ಸಾಲುಗಳಲ್ಲಿರುತ್ತದೆ. ಎಂಟ್ರಿ ಇದ್ದು ಎಕ್ಸಿಟ್ ಇಲ್ಲದಿದ್ದರೆ ಯಂತ್ರ ಒಳಗೆ ಹೋಗಿ ಹೊರಬಂದಿಲ್ಲ. ಈ ಮೂರು ಚಿತ್ರಗಳನ್ನು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಆಜ್ಞೆಯೇ ಹೋಗದಿದ್ದಾಗ ಕಾರಣ ಎಷ್ಟೋ ಸಲ ದೋಷವೇ ಅಲ್ಲ. ಹೊರಗಿನ ಮಾನಿಟರ್ ಜೋಡಿಸಿದ್ದರೆ ಮುಚ್ಚಳ ಮುಚ್ಚಿದರೂ ಮಲಗಬೇಡ ಎಂಬುದು ಲಾಗಿನ್‌ಡಿಯ ಮೂಲ ನಿಯಮ. ವಿಡಿಯೊ ನೋಡುವ, ಅಪ್‌ಡೇಟ್ ಹಾಕುವ ಪ್ರೋಗ್ರಾಮ್‌ಗಳೂ ತಾತ್ಕಾಲಿಕವಾಗಿ ನಿದ್ದೆ ತಡೆಯಬಹುದು. 'ಸಿಸ್ಟಮ್‌ಡಿ-ಇನ್ಹಿಬಿಟ್ --ಲಿಸ್ಟ್' ಎಂದರೆ ತಡೆದವರ ಪಟ್ಟಿ ಬರುತ್ತದೆ. 'ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್' ಎಂದು ಕೈಯಾರೆ ಆದೇಶ ಕೊಟ್ಟಾಗ ಚೆನ್ನಾಗಿ ಮಲಗಿದರೆ ಕರ್ನೆಲ್ ನಿರಪರಾಧಿ, ಡೆಸ್ಕ್‌ಟಾಪಿನ ಸೆಟ್ಟಿಂಗ್ ಮತ್ತು 'ಲಾಗಿನ್‌ಡಿ.ಕಾನ್ಫ್' ಕಡತ ನೋಡಿದರೆ ಸಾಕು.

20 ಸೆಕೆಂಡಿನ ಗಡುವು ಮೀರಿ ನಿಂತ ಪ್ರೋಗ್ರಾಮ್‌ನ ಹೆಸರು ದಿನಚರಿಯಲ್ಲಿ ಎದ್ದು ಕಾಣುತ್ತದೆ. ಬಹಳ ಸಲ ಅದು ನೆಟ್‌ವರ್ಕ್ ಮೂಲಕ ಜೋಡಿಸಿದ ಫೋಲ್ಡರಿಗೆ ಕಾಯುತ್ತಿರುವ ಪ್ರೋಗ್ರಾಮ್. ವೈಫೈ ಹೋಗಿದೆ, ಉತ್ತರ ಬರುವುದಿಲ್ಲ, ಅದೂ ಬಿಡುವುದಿಲ್ಲ. ಮಲಗುವ ಮುಂಚೆ ಅಂಥ ಫೋಲ್ಡರನ್ನು ಕಳಚಿಡುವುದೇ ಪರಿಹಾರ. ಯಾವುದೋ ಡ್ರೈವರ್ ನಿರಾಕರಿಸಿದ್ದರೆ ಉಪಕರಣದ ಹೆಸರೂ -16ರಂಥ ಒಂದು ದೋಷಸಂಖ್ಯೆಯೂ ಇರುತ್ತವೆ. -16 ಎಂದರೆ ಆ ಉಪಕರಣಕ್ಕೆ ಬಿಡುವಿಲ್ಲ ಎಂದು. '/ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್' ಫೋಲ್ಡರಿನಲ್ಲಿ ಈವರೆಗೆ ಎಷ್ಟು ಸಲ ಗೆದ್ದಿದೆ, ಎಷ್ಟು ಸಲ ಸೋತಿದೆ, ಕೊನೆಗೆ ಸೋಲಿಸಿದ ಉಪಕರಣ ಯಾವುದು ಎಂಬ ಲೆಕ್ಕವೂ ಇದೆ.

ದಿನಚರಿ ಮೌನವಾದಾಗ ಕರ್ನೆಲ್‌ನ ಎರಡು ಸಾಧನಗಳು ಕೈಹಿಡಿಯುತ್ತವೆ. ಒಂದು 'ಪಿಎಂ_ಟೆಸ್ಟ್'. '/ಸಿಸ್/ಪವರ್' ಫೋಲ್ಡರಿನ ಈ ಕಡತಕ್ಕೆ 'ಫ್ರೀಜರ್' ಎಂದು ಬರೆದು ಮಲಗಿಸಿದರೆ ಪ್ರೋಗ್ರಾಮ್‌ಗಳನ್ನು ಹೆಪ್ಪುಗಟ್ಟಿಸುವಷ್ಟು ಮಾತ್ರ ಮಾಡಿ, 5 ಸೆಕೆಂಡು ಕಾದು, ಯಂತ್ರ ವಾಪಸಾಗುತ್ತದೆ. ಆಮೇಲೆ 'ಡಿವೈಸಸ್', 'ಪ್ಲಾಟ್‌ಫಾರ್ಮ್', 'ಪ್ರೊಸೆಸರ್ಸ್', 'ಕೋರ್' ಎಂದು ಒಂದೊಂದೇ ಮೆಟ್ಟಿಲು ಕೆಳಗಿಳಿಯಬೇಕು. ಬಾವಿಗೆ ಇಳಿಯುವವನು ಪ್ರತಿ ಮೆಟ್ಟಿಲಲ್ಲೂ ಕಾಲೂರಿ ನೋಡುವಂತೆ. 'ಫ್ರೀಜರ್' ದಾಟಿ 'ಡಿವೈಸಸ್'ನಲ್ಲಿ ಸಿಕ್ಕಿಬಿದ್ದರೆ ತಪ್ಪು ಯಾವುದೋ ಡ್ರೈವರ್‌ನದು. ಆಗ ಅನುಮಾನದ ಡ್ರೈವರ್‌ಗಳನ್ನು 'ಮಾಡ್‌ಪ್ರೋಬ್ -ಆರ್' ಆದೇಶದಿಂದ ಒಂದೊಂದಾಗಿ ಇಳಿಸಿ ಮತ್ತೆ ಪ್ರಯತ್ನಿಸಿದರೆ ಅಪರಾಧಿ ಸಿಕ್ಕಿಬೀಳುತ್ತದೆ. 'ಕೋರ್' ತನಕ ಎಲ್ಲವೂ ಸರಿಯಿದ್ದು ನಿಜವಾದ ನಿದ್ದೆಯಿಂದ ಮಾತ್ರ ಏಳದಿದ್ದರೆ ಬೊಟ್ಟು ಫರ್ಮ್‌ವೇರ್ ಕಡೆ ತಿರುಗುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಕಡತಕ್ಕೆ 'ನನ್' ಎಂದು ಬರೆಯಲು ಮರೆಯಬಾರದು.

ಇನ್ನೊಂದು 'ಪಿಎಂ_ಟ್ರೇಸ್'. ಇದನ್ನು 2006ರಲ್ಲಿ ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೊರ್ವಾಲ್ಡ್ಸ್ ತಾವೇ ಬರೆದರು. ಇದರ ಜಾಣ್ಮೆ ತಿಳಿಯುವಂಥದ್ದು. ಏಳುವಾಗ ಎಡವಿದ ಯಂತ್ರಕ್ಕೆ ಎಲ್ಲಿ ಎಡವಿದೆ ಎಂದು ಬರೆದಿಡಲು ಡಿಸ್ಕಿಲ್ಲ, ರ‍್ಯಾಮ್ ಆಫ್ ಮಾಡಿದರೆ ಅಳಿಸಿಹೋಗುತ್ತದೆ. ಅಳಿಯದೆ ಉಳಿಯುವುದು ಒಂದೇ, ಮದರ್‌ಬೋರ್ಡಿನ ಗಡಿಯಾರ. ಆದ್ದರಿಂದ ಕರ್ನೆಲ್ ಪ್ರತಿಯೊಂದು ಉಪಕರಣವನ್ನು ಎಬ್ಬಿಸುವ ಮುಂಚೆ ಆ ಉಪಕರಣದ ಗುರುತನ್ನು ಒಂದು ಸಂಖ್ಯೆಯಾಗಿ ಮಾಡಿ, ವರ್ಷ, ತಿಂಗಳು, ದಿನ, ಗಂಟೆ, ನಿಮಿಷಗಳ ರೂಪದಲ್ಲಿ ಗಡಿಯಾರಕ್ಕೇ ಬರೆಯುತ್ತದೆ. 100 ವರ್ಷ, 12 ತಿಂಗಳು, ಎಲ್ಲ ತಿಂಗಳಲ್ಲೂ ಇರುವ 28 ದಿನ, 24 ಗಂಟೆ. ನಿಮಿಷಗಳಲ್ಲಿ ಮಾತ್ರ 3ಕ್ಕೊಂದರಂತೆ 20. ಗುಣಿಸಿದರೆ 1 ಕೋಟಿ 61 ಲಕ್ಷಕ್ಕೂ ಹೆಚ್ಚು ಬೇರೆಬೇರೆ ಗುರುತುಗಳಿಗೆ ಜಾಗವಾಯಿತು. ನಿಮಿಷಕ್ಕೆ 3ರ ಅಂತರ ಏಕೆಂದರೆ ಗಡಿಯಾರ ನಡೆಯುತ್ತಲೇ ಇರುತ್ತದೆ. ಸಿಕ್ಕಿಬಿದ್ದ ಯಂತ್ರವನ್ನು ಆಫ್ ಮಾಡಿ ಮತ್ತೆ ಬೂಟ್ ಮಾಡಲು ನಿಮಗೆ ಸುಮಾರು 3 ನಿಮಿಷದ ಕಾಲಾವಕಾಶ. ಬೂಟ್ ಆದ ಮೇಲೆ ಕರ್ನೆಲ್ ಗಡಿಯಾರ ಓದಿ, ಗುರುತು ತಾಳೆಯಾಗುವ ಉಪಕರಣದ ಹೆಸರನ್ನು 'ಹ್ಯಾಶ್ ಮ್ಯಾಚಸ್' ಎಂಬ ಮಾತಿನೊಂದಿಗೆ 'ಡಿಮೆಸೇಜ್'ನಲ್ಲಿ ತೋರಿಸುತ್ತದೆ. ಸಮಯ ಅಡ್ಡಾದಿಡ್ಡಿಯಾಗುವುದರಿಂದ ಪರೀಕ್ಷೆಯ ನಂತರ ಗಡಿಯಾರ ಸರಿಮಾಡಬೇಕು. ಒಂದೇ ಗುರುತು ಎರಡು ಉಪಕರಣಗಳಿಗೆ ತಾಳೆಯಾಗುವ ಸಂಭವವೂ ಇದೆ. ಎರಡನ್ನೂ ಪರೀಕ್ಷಿಸುವುದು ಜಾಣತನ.

ಪರೀಕ್ಷೆಗಾಗಿ ಪದೇಪದೇ ಮುಚ್ಚಳ ಮುಚ್ಚಿ ತೆಗೆಯಬೇಕಿಲ್ಲ. 'ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 30' ಎಂದರೆ ಯಂತ್ರ ಮಲಗಿ 30 ಸೆಕೆಂಡಿಗೆ ತಾನೇ ಏಳುತ್ತದೆ. ಹತ್ತು ಸಲದಲ್ಲಿ ಒಮ್ಮೆ ಮಾತ್ರ ಕೈಕೊಡುವ ನಿದ್ದೆಯನ್ನು ಹಿಡಿಯಲು ಇದನ್ನು ಸಣ್ಣ ಸ್ಕ್ರಿಪ್ಟಿನಲ್ಲಿಟ್ಟು ರಾತ್ರಿಯಿಡೀ ಓಡಿಸಬಹುದು. ಯಾವ ಉಪಕರಣ ಎಷ್ಟು ಮಿಲಿಸೆಕೆಂಡು ತೆಗೆದುಕೊಂಡಿತು ಎಂದು ಚಿತ್ರ ಬರೆದು ತೋರಿಸುವ 'ಸ್ಲೀಪ್‌ಗ್ರಾಫ್' ಇಂಟೆಲ್ ಕೊಟ್ಟ ಒಳ್ಳೆಯ ಸಾಧನ.

ಎದ್ದರೂ ಪೂರ್ತಿ ಏಳದಿದ್ದಾಗ

ಯಂತ್ರ ಎದ್ದಿದೆ, ವೈಫೈ ಇಲ್ಲ. ಅಥವಾ ಟಚ್‌ಪ್ಯಾಡ್ ಸತ್ತಿದೆ, ಧ್ವನಿ ಬರುವುದಿಲ್ಲ. ಇದು ಒಂದೇ ಡ್ರೈವರ್‌ನ ತೊಂದರೆ, ಹೆದರುವಂಥದ್ದಲ್ಲ. ಆ ಡ್ರೈವರನ್ನು ಇಳಿಸಿ ಮತ್ತೆ ಏರಿಸಿದಾಗ ಉಪಕರಣ ಬದುಕಿದರೆ, ಅದನ್ನೇ ಮಾಡುವ ಚಿಕ್ಕ ಸ್ಕ್ರಿಪ್ಟನ್ನು 'ಸಿಸ್ಟಮ್-ಸ್ಲೀಪ್' ಫೋಲ್ಡರಿನಲ್ಲಿಟ್ಟರೆ ಸಿಸ್ಟಮ್‌ಡಿ ಮಲಗುವ ಮುಂಚೆ 'ಪ್ರೀ' ಎಂದೂ ಎದ್ದ ಮೇಲೆ 'ಪೋಸ್ಟ್' ಎಂದೂ ಹೇಳಿ ಅದನ್ನು ಓಡಿಸುತ್ತದೆ. ಇದು ತೇಪೆ, ಮೂಲದ ಹರಕು ಹಾಗೆಯೇ ಉಳಿದಿರುತ್ತದೆ.

ಕಪ್ಪು ಪರದೆಯ ಕಾಟ ಇಂದು ಎದ್ದು ಕಾಣುವುದು ಎನ್ವಿಡಿಯಾದ ಸ್ವಂತ ಡ್ರೈವರ್ ಇರುವ ಯಂತ್ರಗಳಲ್ಲಿ. ಗ್ರಾಫಿಕ್ಸ್ ಕಾರ್ಡಿಗೆ ತನ್ನದೇ ರ‍್ಯಾಮ್ ಇರುತ್ತದೆ, ನಿದ್ದೆಯಲ್ಲಿ ಅದು ಅಳಿಸಿಹೋಗುತ್ತದೆ. ಅದನ್ನು ಉಳಿಸಲು 'ಪ್ರಿಸರ್ವ್ ವಿಡಿಯೊ ಮೆಮರಿ ಅಲೊಕೇಶನ್ಸ್' ಎಂಬ ಮಾಡ್ಯೂಲ್ ಆಯ್ಕೆ ಚಾಲೂ ಇರಬೇಕು, ಜೊತೆಗೆ ಎನ್ವಿಡಿಯಾದ ಸಸ್ಪೆಂಡ್ ಮತ್ತು ರೆಸ್ಯೂಮ್ ಸೇವೆಗಳು ಸಿಸ್ಟಮ್‌ಡಿಯಲ್ಲಿ ಚಾಲೂ ಇರಬೇಕು. ಉಳಿಸಿದ್ದನ್ನು ಇಡುವ ತಾತ್ಕಾಲಿಕ ಫೋಲ್ಡರಿನಲ್ಲಿ ಜಾಗ ಸಾಲದಿದ್ದರೂ ನಿದ್ದೆ ಕೆಡುತ್ತದೆ. ಪರದೆ ಕಪ್ಪಾಗಿದ್ದರೂ ಯಂತ್ರ ಬದುಕಿದೆಯೇ ಎಂದು ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನೋಡಿ. ಬದುಕಿದ್ದರೆ ಗ್ರಾಫಿಕ್ಸ್ ಒಂದೇ ಕೆಟ್ಟಿದೆ, ದಿನಚರಿ ಪೂರ್ತಿ ನಿಮ್ಮ ಕೈಯಲ್ಲಿದೆ.

ಬ್ಯಾಟರಿ ಸೋರುವಿಕೆ

50 ವ್ಯಾಟ್-ಗಂಟೆಯ ಬ್ಯಾಟರಿ ಅರ್ಧ ವ್ಯಾಟ್ ಖರ್ಚಿನಲ್ಲಿ 100 ಗಂಟೆ, 5 ವ್ಯಾಟ್ ಖರ್ಚಿನಲ್ಲಿ ಬರೀ 10 ಗಂಟೆ. ರಾತ್ರಿ ತುಂಬಿದ್ದ ಬ್ಯಾಟರಿ ಬೆಳಗಾಗುವಾಗ ಬರಿದಾಗುವುದರ ಲೆಕ್ಕ ಇಷ್ಟೇ. ಹೀಗಾದರೆ ಎಸ್2ಐಡಲ್ ಯಂತ್ರ ಮಲಗಿದಂತೆ ಕಂಡರೂ ಪ್ರೊಸೆಸರ್ ಆಳದ ಸ್ಥಿತಿಗೆ ಇಳಿದಿಲ್ಲ ಎಂದು ಅರ್ಥ. ಇಂಟೆಲ್ ಯಂತ್ರಗಳಲ್ಲಿ ಡೀಬಗ್ ಕಡತಗಳ ನಡುವೆ 'ಪಿಎಂಸಿ_ಕೋರ್' ಫೋಲ್ಡರಿನಲ್ಲಿ 'ಎಸ್‌ಎಲ್‌ಪಿ_ಎಸ್0' ಎಂಬ ಎಣಿಕೆಯಿದೆ. ಮಲಗುವ ಮುಂಚೆ ಮತ್ತು ಎದ್ದ ಮೇಲೆ ಓದಿ, ಸಂಖ್ಯೆ ಏರದಿದ್ದರೆ ನಿದ್ದೆ ಹತ್ತಲೇ ಇಲ್ಲ. ಈಚಿನ ಕರ್ನೆಲ್‌ಗಳಲ್ಲಿ 'ಸಸ್ಪೆಂಡ್_ಸ್ಟ್ಯಾಟ್ಸ್' ಒಳಗಿನ 'ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್' ಇದೇ ಮಾತನ್ನು ಮೈಕ್ರೋಸೆಕೆಂಡಿನಲ್ಲಿ ಹೇಳುತ್ತದೆ. ಎಎಂಡಿ ಯಂತ್ರಗಳಿಗೆ 'ಎಎಂಡಿ-ಎಸ್2ಐಡಲ್' ಎಂಬ ಪರೀಕ್ಷಾ ಪ್ರೋಗ್ರಾಮ್ ಇದೆ. ಅದು ತಾನೇ ಮಲಗಿಸಿ, ಎಬ್ಬಿಸಿ, ಅಡ್ಡ ನಿಂತವರನ್ನು ಹೆಸರಿಸುತ್ತದೆ. ಯಂತ್ರದಲ್ಲಿ 'ಡೀಪ್' ಲಭ್ಯವಿದ್ದರೆ 'ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್' ಎಂಬ ಕರ್ನೆಲ್ ಪ್ಯಾರಾಮೀಟರ್ ಒಂದೇ ಸಾಕಾಗಬಹುದು. ಅದನ್ನು ಗ್ರಬ್ ಎಂಬ ಬೂಟ್‌ಲೋಡರ್‌ನಲ್ಲಿ ಶಾಶ್ವತ ಮಾಡುವ ಮುಂಚೆ 'ಮೆಮ್_ಸ್ಲೀಪ್' ಕಡತಕ್ಕೆ ಕೈಯಾರೆ ಬರೆದು ಒಂದೆರಡು ಸಲ ಮಲಗಿಸಿ ನೋಡಿ.

ತಾನಾಗಿ ಎದ್ದು ಕೂರುವ ಯಂತ್ರದ ಕಥೆ ಬೇರೆ. ಮೇಜು ಅಲುಗಿದರೆ ಯುಎಸ್‌ಬಿ ಮೌಸ್ ಎಬ್ಬಿಸುತ್ತದೆ, ಬ್ಯಾಗಿನಲ್ಲಿ ಮುಚ್ಚಳ ತುಸು ಸರಿದರೆ ಮುಚ್ಚಳವೇ ಎಬ್ಬಿಸುತ್ತದೆ. '/ಪ್ರಾಕ್/ಎಸಿಪಿಐ/ವೇಕಪ್' ಕಡತದಲ್ಲಿ ಎಬ್ಬಿಸುವ ಅಧಿಕಾರ ಯಾರ್ಯಾರಿಗಿದೆ ಎಂಬ ಪಟ್ಟಿ ಇರುತ್ತದೆ. 'ಎಕ್ಸ್‌ಎಚ್‌ಸಿ' ಎಂದು ಕಂಡರೆ ಅದು ಯುಎಸ್‌ಬಿ. ಆ ಹೆಸರನ್ನು ಕಡತಕ್ಕೆ ಬರೆದರೆ ಅಧಿಕಾರ ರದ್ದು, ಮತ್ತೆ ಬರೆದರೆ ಮರಳಿ ಚಾಲೂ. ರೀಬೂಟ್ ಆದರೆ ಇದು ಮರೆತುಹೋಗುತ್ತದೆ, ಶಾಶ್ವತವಾಗಬೇಕಾದರೆ ಯುಡೆವ್ ನಿಯಮ ಬರೆಯಬೇಕು. ಕೊನೆಯ ಸಲ ಎಬ್ಬಿಸಿದವರು ಯಾರೆಂದು 'ಪಿಎಂ_ವೇಕಪ್_ಐಆರ್‌ಕ್ಯೂ' ಕಡತದ ಸಂಖ್ಯೆ ಹೇಳುತ್ತದೆ. ಅದನ್ನು '/ಪ್ರಾಕ್/ಇಂಟರಪ್ಟ್ಸ್' ಪಟ್ಟಿಯೊಂದಿಗೆ ಹೋಲಿಸಬೇಕು. ಹಳೆಯ ಕೀಬೋರ್ಡ್ ಸಂಪರ್ಕಕ್ಕೆ 1, ಎಸಿಪಿಐಗೆ 9 ಎಂಬುದು ಪಿಸಿಗಳ ರೂಢಿ.

ಡಿಸ್ಕಿಗೆ ಮಲಗುವುದು

ಹೈಬರ್ನೇಟ್ ಕೆಡುವುದಕ್ಕೆ ಬಹುಪಾಲು ಕಾರಣ ಜಾಗ ಮತ್ತು ವಿಳಾಸ. ರ‍್ಯಾಮಿನ ಚಿತ್ರ ಹಿಡಿಯುವಷ್ಟು ಸ್ವಾಪ್ ಎಂಬ ಮೀಸಲು ಜಾಗ ಡಿಸ್ಕಿನ ಮೇಲಿರಬೇಕು. ಫೆಡೋರಾ 2020ರ 33ನೆಯ ಆವೃತ್ತಿಯಿಂದ ಬಳಸುವ ಜಡ್‌ರ‍್ಯಾಮ್ ಸ್ವಾಪ್ ರ‍್ಯಾಮಿನೊಳಗೇ ಇರುವುದರಿಂದ ಅದು ಇದಕ್ಕೆ ನಡೆಯದು. ಸ್ವಾಪ್ ಎಲ್ಲಿದೆ ಎಂದು 'ರೆಸ್ಯೂಮ್=' ಪ್ಯಾರಾಮೀಟರ್ ಮೂಲಕ ಹೇಳಬೇಕಾಗಬಹುದು. ಸ್ವಾಪ್ ಪಾರ್ಟಿಶನ್ ಆಗಿರದೆ ಕಡತವಾಗಿದ್ದರೆ ಅದರ ಆರಂಭದ ಸ್ಥಾನವೂ ಬೇಕು. ಸೆಕ್ಯೂರ್ ಬೂಟ್ ಚಾಲೂ ಇರುವ ಅನೇಕ ವಿತರಣೆಗಳಲ್ಲಿ ಕರ್ನೆಲ್‌ನ ಲಾಕ್‌ಡೌನ್ ವ್ಯವಸ್ಥೆ ಹೈಬರ್ನೇಟ್‌ಗೆ ಅವಕಾಶವನ್ನೇ ಕೊಡುವುದಿಲ್ಲ. ಇವೆಲ್ಲ ಸರಿಯಾದರೆ ಮೊದಲು ರ‍್ಯಾಮಿನಲ್ಲಿ ಮಲಗಿ, ಹೊತ್ತು ಮೀರಿದ ಮೇಲೆ ಡಿಸ್ಕಿಗೆ ಇಳಿಯುವ 'ಸಸ್ಪೆಂಡ್-ದೆನ್-ಹೈಬರ್ನೇಟ್' ಕೋಳಿನಿದ್ದೆಯ ಸೋರಿಕೆಗೆ ಒಳ್ಳೆಯ ಆಸರೆ.

ಚಿಕಿತ್ಸೆಯ ಕ್ರಮ

ಏನೇ ಮಾಡುವ ಮುಂಚೆ ಫರ್ಮ್‌ವೇರ್ ಹೊಸದಿದೆಯೇ ನೋಡಿ. 'ಎಫ್‌ಡಬ್ಲ್ಯೂಯುಪಿಡಿಎಂಜಿಆರ್' ಆದೇಶ ಲೆನೊವೊ, ಡೆಲ್ ಮುಂತಾದ ತಯಾರಕರ ಅಪ್‌ಡೇಟ್‌ಗಳನ್ನು ಲಿನಕ್ಸ್‌ನಿಂದಲೇ ಹಾಕಿಕೊಡುತ್ತದೆ. ಆಮೇಲೆ ಹೊಸ ಕರ್ನೆಲ್ ಇರುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಿದ್ದೆ ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ಕರ್ನೆಲ್ ಬದಲಿಸುವುದೇ ಮದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಮಾಡಿದಿರೆಂದು ಬರೆದಿಟ್ಟುಕೊಳ್ಳಿ. ಕೆಲಸಕ್ಕೆ ಬಾರದ ಪ್ಯಾರಾಮೀಟರನ್ನು ಕೂಡಲೇ ತೆಗೆದುಬಿಡಿ. ಎಸಿಪಿಐಯನ್ನೇ ಪೂರ್ತಿ ಆರಿಸುವ 'ಎಸಿಪಿಐ=ಆಫ್' ಎಂಬ ಸಲಹೆ ಎಲ್ಲಾದರೂ ಕಂಡರೆ ದೂರ ಇಡಿ; ಅದರೊಂದಿಗೆ ಗಾಢನಿದ್ದೆಯೂ ಬ್ಯಾಟರಿಯ ಲೆಕ್ಕವೂ ಹೋಗುತ್ತವೆ.

ಕಾರಣ ಸಿಕ್ಕಿತೆಂದರೆ ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಯಂತ್ರದ ಮಾಡೆಲ್, ಬಯೋಸ್ ಆವೃತ್ತಿ, ಕರ್ನೆಲ್ ಆವೃತ್ತಿ, 'ಮೆಮ್_ಸ್ಲೀಪ್' ಕಡತದ ಸಾಲು, ಎಂಟ್ರಿಯಿಂದ ಎಕ್ಸಿಟ್‌ವರೆಗಿನ ಪೂರ್ತಿ ದಿನಚರಿ, ಹಿಂದೆ ಯಾವುದಾದರೂ ಕರ್ನೆಲ್‌ನಲ್ಲಿ ಸರಿಯಿತ್ತೇ ಎಂಬ ಮಾಹಿತಿ ಇಷ್ಟನ್ನೂ ಜೋಡಿಸಿ ನಿಮ್ಮ ವಿತರಣೆಯ ಅಥವಾ ಕರ್ನೆಲ್‌ನ ಬಗ್ಜಿಲ್ಲಾ ಎಂಬ ದೋಷ ವರದಿಯ ತಾಣದಲ್ಲಿ ದಾಖಲಿಸಿ. ನಿಮ್ಮದೇ ಮಾಡೆಲ್ ಕೊಂಡ ಇನ್ನೊಬ್ಬರ ಲ್ಯಾಪ್‌ಟಾಪ್ ನಾಳೆ ಆ ತಿದ್ದುಪಡಿಯಿಂದಲೇ ನೆಟ್ಟಗೆ ಮಲಗಿ ಏಳುತ್ತದೆ.